ತೊಳೆದ ಗೆರೆ

ನಫೀಸ ಕಾಗದವನ್ನು ಕವುಚಿ ಇಟ್ಟು ಹೋಗಿದ್ದಳು. ಮೋಹನದಾಸನಿಗೆ ಮೊದಲು ಸಿಟ್ಟು ಬಂದದ್ದು ಅದಕ್ಕೇ. ಕಡಿಮೆ ಅಂಕ ಬಂದ ಮಗುವಿನ ಉತ್ತರಪತ್ರಿಕೆಯನ್ನು ಪಕ್ಕದವರಿಗೆ ಕಾಣದಿರಲೆಂದು ಟೀಚರು ಕೊಡುವ ರೀತಿ ಅದು. ಐವತ್ತಾರು ವರ್ಷದ, ತಲೆ ಬೋಳಾದ, ಈ ಲ್ಯಾಬಿನ ಪ್ರತಿಯೊಂದು ಸರ್ಟಿಫಿಕೇಟಿನ ಕೆಳಗೂ ಹತ್ತೊಂಬತ್ತು ವರ್ಷದಿಂದ ಸಹಿ ಹಾಕುತ್ತ ಬಂದ ತನಗೆ ಇಪ್ಪತ್ತೇಳರ ಹುಡುಗಿಯಿಂದ ಅಂಥ ದಾಕ್ಷಿಣ್ಯ. ಮಗುಚಿ ನೋಡಿದ. ಒಂದು ಗ್ರಾಫು, ಎರಡು ಗೆರೆ; ಗೆರೆ ಕೆಳಗಿಳಿದಷ್ಟೂ ಪೆಟ್ಟಿಗೆ ನಂಬಿಗಸ್ತ. ನೀಲಿ ಗೆರೆ ಅವನದು, ಕಳೆದ ಗುರುವಾರ ಸಹಿ ಹಾಕಿ ಕಳಿಸಿದ ಸರ್ಟಿಫಿಕೇಟಿನಲ್ಲಿ ಇದ್ದದ್ದು. ಕೆಂಪು ಗೆರೆ ಅವಳು ಇವತ್ತು ಬೆಳಿಗ್ಗೆ ಬೇಗ ಬಂದು ಮಾಡಿದ್ದು. ಅದೇ ಪೆಟ್ಟಿಗೆ, ಅದೇ ಹನ್ನೆರಡು ದಿನದ ಅಳತೆ, ಆದರೆ ಅವನು ಕೈಯಾಡಿಸುವುದಕ್ಕೆ ಮೊದಲಿನದು. ಎಡಗಡೆಯಲ್ಲಿ ಎರಡೂ ಒಂದರ ಮೇಲೊಂದು ಕೂತಿದ್ದವು. ಬಲಕ್ಕೆ ಹೋದಂತೆ ಕೆಂಪು ಗೆರೆ ಮೇಲಕ್ಕೆದ್ದಿತ್ತು. ನೀಲಿ ಗೆರೆ ಮಾತ್ರ ಹೆಣ್ಣು ನೋಡಲು ಬಂದ ಹುಡುಗನ ಹಾಗೆ ತಲೆ ತಗ್ಗಿಸಿಕೊಂಡು ಇಳಿಯುತ್ತಲೇ ಹೋಗಿತ್ತು. ಅಂಚಿನಲ್ಲಿ ಪೆನ್ಸಿಲಿನಿಂದ ‘ಎರಡನೇ ಪೆಟ್ಟಿಗೆ’ ಎಂದು ಬರೆದಿದ್ದಳು. ಬೈಗುಳವಿಲ್ಲ, ಪ್ರಶ್ನಾರ್ಥಕ ಚಿಹ್ನೆಯೂ ಇಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಆ ಎರಡನೇ ಪೆಟ್ಟಿಗೆ ಇನ್ನೂ ಒಳಗಿನ ಕೋಣೆಯಲ್ಲಿ, ತನ್ನ ಇಬ್ಬರು ಒಡಹುಟ್ಟಿದವರ ಜೊತೆ ಮೇಜಿನ ಮೇಲೆ ಕೂತಿತ್ತು. ರುವೈಸಿನ ಒಂದು ರಾಸಾಯನಿಕ ಕಾರ್ಖಾನೆಯವರದು. ಅಲ್ಲಿಯ ಎಂಜಿನಿಯರು ಪೃಥ್ವಿರಾಜ್ ಮೂರು ಗಂಟೆಗೆ ಬಂದು ಮೂರನ್ನೂ ಕಾರಿನಲ್ಲಿ ಹಾಕಿಕೊಂಡು ಹೋಗುವವನಿದ್ದ. ಒಳಗೆ ಉಗುರಿನಷ್ಟು ದೊಡ್ಡ ಸ್ಫಟಿಕದ ಚೂರು. ಅದು ಸೆಕೆಂಡಿಗೆ ಒಂದು ಕೋಟಿ ಸಲ ಕಂಪಿಸಬೇಕು, ಇವತ್ತೂ ನಾಳೆಯೂ ಅಷ್ಟೇ. ಉಪಗ್ರಹದ ಸಂಕೇತ ತಪ್ಪಿದ ದಿನ ಇಡೀ ಕಾರ್ಖಾನೆಯ ಗಡಿಯಾರಗಳಿಗೆ ಇದೇ ಗತಿ. ಎಲ್ಲಿಯಾದರೂ ಏನಾದರೂ ಸಿಡಿದರೆ ಯಾವ ವಾಲ್ವ್ ಮೊದಲು ಮುಚ್ಚಿತು, ಯಾವುದು ಆಮೇಲೆ ಎಂದು ಹೇಳಲು ಇದೇ ಸಾಕ್ಷಿ. ಸಾಕ್ಷಿ ಎಷ್ಟು ನಂಬಿಗಸ್ತ ಎಂದು ನೋಡುವುದು ಮೋಹನದಾಸನ ಹೊಟ್ಟೆಪಾಡು. ಅಳತೆಯಲ್ಲಿ ಬೇಗ ಬೇಗ ಬರುವ ಏರಿಳಿತಕ್ಕೆ, ಅವನ ಭಾಷೆಯಲ್ಲಿ ಗದ್ದಲಕ್ಕೆ, ಮದ್ದಿದೆ, ಕಾಯುವುದು. ಸಾವಿರ ಸಲ ಅಳೆದು ಸರಾಸರಿ ತೆಗೆದರೆ ಅದು ತನ್ನನ್ನು ತಾನೇ ತಿಂದುಕೊಂಡು ಇಲ್ಲವಾಗುತ್ತದೆ. ನಿಧಾನದ ಗದ್ದಲ ಹಾಗಲ್ಲ. ಗಂಟೆಗೊಮ್ಮೆ, ದಿನಕ್ಕೊಮ್ಮೆ, ಮೆಲ್ಲನೆ ಮಗ್ಗುಲು ಬದಲಿಸುವ ಆ ಗದ್ದಲ ಎಷ್ಟು ಕಾದರೂ ಸಾಯುವುದಿಲ್ಲ. ಒಂದು ಹಂತ ದಾಟಿದ ಮೇಲೆ ಕಾದಷ್ಟೂ ಹೆಚ್ಚುತ್ತದೆ. ಆ ನಿಧಾನದ ಗದ್ದಲಕ್ಕೆ ಗಣಿತದ ಮಾದರಿ ಕಟ್ಟುವುದಕ್ಕೆಂದೇ ಐದು ತಿಂಗಳ ಹಿಂದೆ ನಫೀಸಳನ್ನು ಕೆಲಸಕ್ಕೆ ತೆಗೆದುಕೊಂಡದ್ದು. ಅವಳ ಪ್ರೊಬೇಷನ್ ಇನ್ನೊಂದು ತಿಂಗಳಿತ್ತು.

ಕೈಯಾಡಿಸುವುದು ಎಂದರೆ ಮೋಸವಲ್ಲ. ಅವನು ಅದನ್ನು ತೊಳೆಯುವುದು ಎನ್ನುತ್ತಿದ್ದ, ಅಕ್ಕಿ ತೊಳೆದ ಹಾಗೆ. ಲ್ಯಾಬು ಮೊದಲು ಈ ಅರಬ್ ನಗರದ ಕೈಗಾರಿಕಾ ಬಡಾವಣೆ ಅಲ್ ಕೂಝ್‌ನಲ್ಲಿ, ಒಂದು ಗೋದಾಮಿನ ಮೇಲಿತ್ತು. ಮಧ್ಯಾಹ್ನ ಬಿಸಿಲೇರಿ ಕಟ್ಟಡವನ್ನು ತಂಪಾಗಿಸುವ ಚಿಲ್ಲರ್ ಯಂತ್ರ ಗುಡುಗುಟ್ಟಿ ಶುರುವಾದರೆ ನೆಲ ನಡುಗುತ್ತಿತ್ತು, ಕೋಣೆಯ ಉಷ್ಣತೆ ಕುಪ್ಪಳಿಸುತ್ತಿತ್ತು, ಪಾಪದ ಸ್ಫಟಿಕ ಒಂದು ಮೆಟ್ಟಿಲು ಹತ್ತಿ ನಿಂತುಬಿಡುತ್ತಿತ್ತು. ಅದು ಸ್ಫಟಿಕದ ತಪ್ಪಲ್ಲ. ಹಾಗಾಗಿ ಅವನು ಆ ಜಿಗಿತವನ್ನು ಕತ್ತರಿಸಿ, ಮುಂದಿನ ತುಂಡನ್ನು ಕೆಳಗಿಳಿಸಿ ಹಿಂದಿನದಕ್ಕೆ ಕೂಡಿಸುತ್ತಿದ್ದ. ದರ್ಜಿಯ ಕೆಲಸ, ಹೊಲಿಗೆ ಕಾಣುತ್ತಿರಲಿಲ್ಲ. ನಿರಪರಾಧಿಗೆ ಶಿಕ್ಷೆಯಾಗಬಾರದು ಎಂಬ ಒಂದು ನ್ಯಾಯಾಧೀಶನ ಗತ್ತೂ ಅದರಲ್ಲಿತ್ತು. ಎಂಟು ವರ್ಷದ ಹಿಂದೆ ಲ್ಯಾಬು ಜುಮೇರಾ ಲೇಕ್ ಟವರ್ಸ್‌ಗೆ ಬಂತು. ಇಲ್ಲಿ ತಂಪು ನೀರು ಎಲ್ಲಿಂದಲೋ ಕೊಳವೆಯಲ್ಲಿ ಇಪ್ಪತ್ತನಾಲ್ಕು ಗಂಟೆಯೂ ಬರುತ್ತದೆ, ಗುಡುಗಿಲ್ಲ, ನಡುಕವಿಲ್ಲ, ಒಳಗಿನ ಕೋಣೆಯ ಉಷ್ಣತೆ ವರ್ಷವಿಡೀ ಇಟ್ಟಲ್ಲೇ ಇರುತ್ತದೆ. ಚಿಲ್ಲರ್ ಹೋಯಿತು, ಕತ್ತರಿ ಉಳಿಯಿತು. ಗೆರೆಯಲ್ಲಿ ಮೆಟ್ಟಿಲು ಕಂಡರೆ ಸಾಕು, ಅವನ ಕೈ ತಾನಾಗಿಯೇ ಹೋಗುತ್ತಿತ್ತು. ಸತ್ತುಹೋದ ಚಿಲ್ಲರಿನ ಹೆಸರಿನಲ್ಲಿ ಎಂಟು ವರ್ಷ ಅವನು ಯಾರು ಯಾರನ್ನು ಕ್ಷಮಿಸಿದನೋ.

ನಫೀಸ ಬಾಗಿಲ ಹತ್ತಿರ ನಿಂತಿದ್ದಳು. ಕೈಯಲ್ಲಿ ಲ್ಯಾಪ್‌ಟಾಪನ್ನು ಸ್ಲೇಟಿನ ಹಾಗೆ ಎದೆಗೆ ಅವಚಿಕೊಂಡಿದ್ದಳು.

“ಸರ್, ಬಿಝಿ ಉಂಟಾ?”

“ಬಾ, ಕೂತ್ಕೋ.”

ಅವಳು ಕೂರಲಿಲ್ಲ. “ನಾನು ನಿಮ್ಮ ತಪ್ಪು ಹುಡುಕ್ಲಿಕ್ಕೆ ಹೋದದ್ದಲ್ಲ ಸರ್. ನನ್ನ ಮಾಡೆಲ್ ಕೂತುಕೊಳ್ತಾನೇ ಇರ್ಲಿಲ್ಲ. ಶುಕ್ರವಾರದಿಂದ ತಲೆ ಕೆಟ್ಟು ಹೋಗಿತ್ತು. ನನ್ನದೇ ಕೋಡ್ ತಪ್ಪು ಅಂತ ಮಾಡಿದ್ದೆ.”

“ಮತ್ತೆ?”

“ಮತ್ತೆ ನೋಡಿದ್ರೆ, ಡಾಟಾ ಜಾಸ್ತಿ ಒಳ್ಳೇದುಂಟು. ಯಾವ ಕ್ರಿಸ್ಟಲ್ ಕೂಡ ಅಷ್ಟು ಒಳ್ಳೇದಿರ್ಲಿಕ್ಕಿಲ್ಲ ಸರ್. ಮೊದಲನೇದು, ಮೂರನೇದು ಸರಿ ಉಂಟು. ಇದೊಂದು ಏಳು ಕಡೆ ಜಿಗಿದಿದೆ.”

“ಚಿಲ್ಲರ್...” ಎಂದ ಮೋಹನದಾಸ. ಬಾಯಿ ಅಭ್ಯಾಸದಿಂದ ಹೇಳಿದ್ದು.

“ಇಲ್ಲಿ ಚಿಲ್ಲರ್ ಇಲ್ಲಲ್ಲ ಸರ್,” ಎಂದಳು, ಅವಳೇ ಕ್ಷಮೆ ಕೇಳುವ ಧ್ವನಿಯಲ್ಲಿ. “ಒಂದು ಜಿಗಿದದ್ದು ಆದಿತ್ಯವಾರ, ಯಾರೂ ಇಲ್ಲದಾಗ. ರೂಮಿನ ಟೆಂಪರೇಚರ್ ಕೂಡ ತೆಗ್ದು ನೋಡಿದೆ. ಅಲ್ಲಾಡ್ಲೇ ಇಲ್ಲ.”

ಹೊರಗೆ, ಗಾಜಿನಾಚೆ, ಕೃತಕ ಕೆರೆಯ ನೀರಿನಲ್ಲಿ ಎದುರಿನ ಗೋಪುರದ ನೆರಳು ಕದಲುತ್ತಿತ್ತು. ಅವನು ಅದನ್ನು ನೋಡುತ್ತ ಕೂತ. ನಫೀಸ ಒಂದು ಹೆಜ್ಜೆ ಮುಂದೆ ಬಂದು ಸಣ್ಣ ಸ್ವರದಲ್ಲಿ, “ಹರ್ಬರ್ಟ್ ಸರ್‌ಗೆ ಹೇಳ್ಲಿಲ್ಲ,” ಎಂದಳು. ಹರ್ಬರ್ಟ್ ಲ್ಯಾಬಿನ ಮುಖ್ಯಸ್ಥ, ಅವನೂ ಊರ ಕಡೆಯವನೇ. “ಪೃಥ್ವಿರಾಜ್ ಸರ್ ಹತ್ರ ಇನ್ನೊಂದು ಸಲ ಅಳೀಲಿಕ್ಕುಂಟು ಅಂತ ಹೇಳಿದ್ರಾಯ್ತು. ಯಾಕೆ ಅಂತ ಕೇಳಿದ್ರೆ ಕನೆಕ್ಟರ್ ಲೂಸ್ ಇತ್ತು ಅಂತ ಹೇಳುವ. ಕನೆಕ್ಟರ್ ಹಾಕಿದ್ದು ನಾನೇ ಅಲ್ವಾ. ನಂಗೆ ಎಂತ, ಹೊಸಬಳು, ಎರಡು ಬೈತಾರೆ, ಬಿಡ್ತಾರೆ.”

ಬೇಡ ಎನ್ನಬೇಕಿತ್ತು. ಅವನು “ನೋಡುವ” ಎಂದ. ಅವಳು ತಲೆಯಾಡಿಸಿ ಹೋದಳು. ಆ ಒಂದು ಶಬ್ದ ಕೋಣೆಯಲ್ಲಿ ಉಳಿದುಕೊಂಡಿತು. ನೋಡುವ. ಊರಲ್ಲಿ ಚಂದಾ ಕೇಳಲು ಬಂದವರಿಗೆ, ಹೆಣ್ಣಿನ ಕಡೆಯವರಿಗೆ, ಬಾಗಿಲಿಗೆ ಬಂದ ದೂರದ ನೆಂಟರಿಗೆ ಹೇಳುವ ಶಬ್ದ. ಇಲ್ಲವೆನ್ನುವ ಧೈರ್ಯವೂ ಹೂಂ ಎನ್ನುವ ಮನಸ್ಸೂ ಇಲ್ಲದವರಿಗಾಗಿ ಯಾರೋ ಪುಣ್ಯಾತ್ಮರು ಮಾಡಿಟ್ಟದ್ದು. ಪ್ರೊಬೇಷನ್ ಮುಗಿಯದ ಹುಡುಗಿಯ ತಲೆಯ ಮೇಲೆ ಲೂಸ್ ಕನೆಕ್ಟರ್ ಹೊರಿಸಿ ತಾನು ಹತ್ತೊಂಬತ್ತು ವರ್ಷದ ಸಹಿಯನ್ನು ಉಳಿಸಿಕೊಳ್ಳುವುದು. ಬೈಯುತ್ತಾರೆ, ಬಿಡುತ್ತಾರೆ. ಬಿಡದಿದ್ದರೆ? ಹೋದ ವರ್ಷ ಹರ್ಬರ್ಟ್ ಒಬ್ಬನನ್ನು ಇದಕ್ಕಿಂತ ಸಣ್ಣದಕ್ಕೆ ಕಳಿಸಿದ್ದ. ಖಲಾಸ್ ಎಂದಿದ್ದ, ಅಷ್ಟೇ. ಆದರೆ ಯೋಚನೆ ಅಲ್ಲಿ ನಿಲ್ಲಲಿಲ್ಲ, ಅದು ಹೋಗಿ ಇದೇ ನಗರದ ಸತ್ವಾದ ಹಿಂದಿನ ಗಲ್ಲಿಯಲ್ಲಿ, ಈರುಳ್ಳಿ ಚೀಲಗಳ ನಡುವೆ ಹಾಕಿದ ಮಂಚದ ಮೇಲೆ ಮಲಗಿತು. ತೊಂಬತ್ತೊಂಬತ್ತರ ಮಾರ್ಚ್. ಊರಿನಿಂದ ಬಂದು ಇಪ್ಪತ್ತು ದಿನವಾಗಿತ್ತು, ವಿಸಿಟ್ ವೀಸಾ, ಒಂದು ಕೋಣೆಗೆ ಎಂಟು ಜನ. ಮೈಮೇಲೆ ಚಿಕನ್‌ಪಾಕ್ಸಿನ ಗುಳ್ಳೆ ಎದ್ದ ಸಾಯಂಕಾಲವೇ ಆ ಏಳು ಜನ, ಎಲ್ಲ ತನ್ನ ಊರಿನ, ತನ್ನ ಜಾತಿಯವರು, ಅವನ ಸೂಟ್‌ಕೇಸನ್ನು ಮೆಟ್ಟಿಲ ಮೇಲೆ ಇಟ್ಟಿದ್ದರು. ತಪ್ಪೇನಲ್ಲ, ಅವರಿಗೂ ಕೆಲಸ ಹೋಗುವ ಭಯ. ಕೆಳಗೆ ಗ್ರೋಸರಿ ಇಟ್ಟುಕೊಂಡಿದ್ದ ಉಳ್ಳಾಲದ ಬಾವಾಕ ಮಾತ್ರ ಸೂಟ್‌ಕೇಸನ್ನೂ ಅವನನ್ನೂ ಒಟ್ಟಿಗೆ ಎತ್ತಿಕೊಂಡು ಹೋಗಿ ಅಂಗಡಿಯ ಸ್ಟೋರಿನಲ್ಲಿ ಮಲಗಿಸಿದ್ದರು. ಹದಿನೆಂಟು ದಿನ ಗಂಜಿ. ತುರಿಸಬೇಡ ಎಂದು ಅವನ ಎರಡು ಕೈಗೂ ಕಾಲುಚೀಲ ತೊಡಿಸಿದ್ದರು. ಅದನ್ನು ನೆನೆದರೆ ಈಗಲೂ ನಗು ಬರುತ್ತದೆ, ಕಣ್ಣೂ ತುಂಬುತ್ತದೆ.

ಗುಣವಾಗಿ ಕೆಲಸ ಸಿಕ್ಕಿ ಅಲ್ ಕೂಝ್‌ಗೆ ಹೋದ ಮೇಲೆ ಅವನು ಸತ್ವಾಕ್ಕೆ ಹೋಗಲಿಲ್ಲ. ಮುಂದಿನ ಶುಕ್ರವಾರ, ಅದರ ಮುಂದಿನ ಶುಕ್ರವಾರ ಎನ್ನುತ್ತ, ಹೋಗದೆ ಇದ್ದದ್ದೇ ಹೋಗದಿರಲು ಕಾರಣವಾಯಿತು. ಆರೇಳು ವರ್ಷದ ಮೇಲೆ ಒಂದು ಮಾಲಿನಲ್ಲಿ ಬಾವಾಕ ಟ್ರಾಲಿ ತಳ್ಳಿಕೊಂಡು ಬರುವುದು ಕಾಣಿಸಿತು. ಮೋಹನದಾಸನ ಜೊತೆ ಹರ್ಬರ್ಟೂ ಒಬ್ಬ ಬ್ರಿಟಿಷ್ ಆಡಿಟರೂ ಇದ್ದರು. ಲುಂಗಿಯನ್ನು ಸ್ವಲ್ಪ ಎತ್ತಿ ಉಟ್ಟ ಬಾವಾಕ. ಮೋಹನದಾಸ ಡಿಟರ್ಜೆಂಟಿನ ಕಪಾಟಿನ ಹಿಂದೆ ಸರಿದು, ಬೆಲೆ ಓದುವವನ ಹಾಗೆ ಬಗ್ಗಿ ನಿಂತ, ಟ್ರಾಲಿಯ ಚಕ್ರದ ಸದ್ದು ದೂರವಾಗುವವರೆಗೆ. ಐದು ತಿಂಗಳ ಹಿಂದೆ ಸಂದರ್ಶನದಲ್ಲಿ ನಫೀಸ, “ಅಪ್ಪನಿಗೆ ಸತ್ವಾದಲ್ಲಿ ಗ್ರೋಸರಿ ಇತ್ತು, ಈಗ ಊರಲ್ಲಿ, ಉಳ್ಳಾಲದಲ್ಲಿದ್ದಾರೆ” ಎಂದಾಗ ಅವಳು ಯಾರ ಮಗಳೆಂದು ಅವನಿಗೆ ತಿಳಿದುಹೋಗಿತ್ತು. ಇಬ್ಬರು ಅಭ್ಯರ್ಥಿಗಳಿದ್ದರು; ಅವನು ಇವಳ ಪರ ವಾದಿಸಿದ. ಅವಳು ನಿಜವಾಗಿಯೂ ಚುರುಕು, ಆದರೆ ಅವನು ವಾದಿಸಿದ್ದು ಅದಕ್ಕಲ್ಲ. ಋಣ ತೀರಿತು ಎಂದು ಆ ದಿನ ಮನೆಗೆ ಹೋಗುವಾಗ ಮೆಟ್ರೋದಲ್ಲಿ ಹಗುರಾಗಿ ನಿಂತಿದ್ದ. ಅವಳಿಗೆ ಏನೂ ಹೇಳಲಿಲ್ಲ. ಹೇಳದೆ ಇರುವುದು ದೊಡ್ಡತನ ಎಂದುಕೊಂಡಿದ್ದ. ಈಗ ನೋಡಿದರೆ ಅಪ್ಪ ಮಾಡಿದ್ದನ್ನೇ ಮಗಳೂ ಮಾಡಲು ಹೊರಟಿದ್ದಾಳೆ, ತಾನು ಮತ್ತೆ ಕಪಾಟಿನ ಹಿಂದೆ ಬಗ್ಗುತ್ತಿದ್ದೇನೆ.

ಒಂದೂವರೆಗೆ ಕೆಳಗಿನ ಕೆಫೆಟೇರಿಯಾಕ್ಕೆ ಹೋದ. ನಫೀಸ ಮೂಲೆಯ ಮೇಜಿನಲ್ಲಿ ಡಬ್ಬಿ ಬಿಚ್ಚಿಕೊಂಡು ಕೂತಿದ್ದಳು. ಅವನು ಎದುರು ಕೂತು ಕರಕ್ ಚಾ ತರಿಸಿದ, ಕುಡಿಯಲಿಲ್ಲ. ಕನೆಕ್ಟರ್ ವಿಷಯ ನೀನು ಹೇಳಿದ ಹಾಗೇ ಆಗಲಿ ಎಂಬ ವಾಕ್ಯ ನಾಲಿಗೆಯ ತುದಿಯಲ್ಲಿತ್ತು, ಲಿಫ್ಟಿನಲ್ಲಿ ಎರಡು ಸಲ ಹೇಳಿ ನೋಡಿದ್ದ. ಬಾಯಿ ಬಿಟ್ಟಾಗ ಬಂದದ್ದು ಬೇರೆಯೇ.

“ನಂಗೆ ನಿನ್ನ ಅಪ್ಪನ ಗುರ್ತ ಉಂಟು ನಫೀಸ. ಸತ್ವಾದಲ್ಲಿ. ನಂಗೆ ಚಿಕನ್‌ಪಾಕ್ಸ್ ಆದಾಗ ಸ್ಟೋರಿನಲ್ಲಿ ಮಲಗಿಸಿ ನೋಡ್ಕೊಂಡವ್ರು ಅವರೇ.”

ಅವಳ ಕೈ ತುತ್ತಿನೊಂದಿಗೆ ನಿಂತಿತು. “ನೀವಾ ಸರ್? ಇಷ್ಟು ದಿನ ಹೇಳ್ಲೇ ಇಲ್ಲ.”

“ಹೇಳುವ ಮುಖ ಇರ್ಲಿಲ್ಲ.”

ಅವಳು ಹೆಚ್ಚು ಕೇಳಲಿಲ್ಲ. ಎಡಗೈಯಲ್ಲಿ ಫೋನು ತೆಗೆದು, ಅವನು ಬೇಡಬೇಡವೆನ್ನುವಷ್ಟರಲ್ಲಿ ಉಳ್ಳಾಲಕ್ಕೆ ಹಚ್ಚಿ, ಬ್ಯಾರಿ ಭಾಷೆಯಲ್ಲಿ ನಾಲ್ಕು ಮಾತು ಚಟಪಟ ಹೇಳಿ, ಸ್ಪೀಕರ್ ಹಾಕಿ ಮೇಜಿನ ನಡುವೆ ಇಟ್ಟಳು. ಊರಲ್ಲಿ ಮೂರು ಗಂಟೆ. ಮುದುಕರು ನಿದ್ದೆಯಿಂದ ಎದ್ದದ್ದು ಸ್ವರದಲ್ಲೇ ತಿಳಿಯಿತು.

“ಯಾರು ಮಾರಾಯ್ರೆ? ಮೋಹನದಾಸಾ? ಚಿಕನ್‌ಪಾಕ್ಸ್ ಆದವ್ರಾ? ಅಲ್ಲಿ ಇಬ್ಬರು ಮೂವರು ಹಾಗೆ ಮಲಗಿದ್ರಲ್ಲ. ನೀವು ಕಾಪುವಿನವ್ರಾ?”

“ಅಲ್ಲ ಬಾವಾಕ, ಪಡುಬಿದ್ರೆ. ಕೈಗೆ ಸಾಕ್ಸ್ ಹಾಕಿದ್ರಿ ನೀವು.”

“ಎಲ್ಲರಿಗೂ ಹಾಕ್ತಿದ್ದೆ ನಾನು,” ಎಂದು ಬಾವಾಕ ನಕ್ಕರು. “ನೆನಪು ಹೋಗ್ತಾ ಉಂಟು, ತಪ್ಪು ತಿಳ್ಕೊಳ್ಬೇಡಿ ಆಯ್ತಾ.”

“ನಾನು ಮತ್ತೆ ಬರ್ಲೇ ಇಲ್ಲ ಬಾವಾಕ. ಒಮ್ಮೆ ನಿಮ್ಮನ್ನು ಕಂಡು ಅಡಗಿದೆ ಕೂಡ.”

“ಅಡಗಿದ್ದು ಎಂತಕ್ಕೆ? ನಾನೆಂತ ಹುಲಿಯಾ?” ಆಮೇಲೆ ಮುದುಕರು ತುಳುವಿಗೆ ಹೊರಳಿ, ನಿನ್ನೆ ಮೊನ್ನೆ ಮಲಗಿದ್ದವನನ್ನು ಕೇಳುವ ಹಾಗೆ, “ಗುಣ ಆಂಡತ್ತಾ?” ಎಂದರು. ಗುಣವಾಯಿತಲ್ಲ?

“ಆಂಡ್ ಬಾವಾಕ,” ಎಂದ ಮೋಹನದಾಸ. ಚಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಇಪ್ಪತ್ತೈದು ವರ್ಷ, ಸತ್ವಾದಲ್ಲೋ ಉಳ್ಳಾಲದಲ್ಲೋ, ಒಬ್ಬರು ತನ್ನನ್ನು ಕೃತಘ್ನನೆಂದು ನೆನೆಯುತ್ತ ಕೂತಿದ್ದಾರೆ ಎಂದು ಅವನು ನಂಬಿದ್ದ. ಯಾರೂ ಕೂತಿರಲಿಲ್ಲ. ಮೊದಲು ಸ್ವಲ್ಪ ಬೇಸರವೇ ಆಯಿತು, ಸುಳ್ಳು ಯಾಕೆ. ಇಷ್ಟು ಕಾಲ ಹೊತ್ತ ಅಪರಾಧಕ್ಕೆ ಎದುರು ಕಡೆಯಲ್ಲಿ ಒಂದು ಹೆಸರೂ ಉಳಿದಿಲ್ಲವೆಂದರೆ. ಕಾಪುವಿನವನೋ ಪಡುಬಿದ್ರೆಯವನೋ, ಮಲಗಿದ್ದ, ಎದ್ದು ಹೋದ. ಬೇಸರದ ಬೆನ್ನಿಗೇ ಇನ್ನೊಂದು ಬಂತು, ಹೊಟ್ಟೆಯ ಒಳಗಿನಿಂದ, ಗಂಜಿ ಇಳಿದ ಹಾಗೆ ಬಿಸಿಯಾಗಿ. ಅದು ಕೃತಜ್ಞತೆ, ಬೇರೆ ಏನೂ ಅಲ್ಲ. ತೀರಿಸಬೇಕಾದ ಋಣವೆಂದುಕೊಂಡಿದ್ದಾಗ ಅದು ಹೀಗೆ ಬಂದಿರಲಿಲ್ಲ, ತೀರಿತು ಎಂದುಕೊಂಡಾಗಲಂತೂ ಬಂದೇ ಇರಲಿಲ್ಲ. ಎದುರಿಗೆ ನಫೀಸ ಡಬ್ಬಿಯಿಂದ ಅಕ್ಕಿರೊಟ್ಟಿಯಂಥ ಪತ್ತಿರನ್ನು ಅರ್ಧ ಮುರಿದು ಅವನ ಕಡೆಗೆ ಸರಿಸಿದಳು. ಅವನು ತಿಂದ. ಬೆಳಿಗ್ಗೆಯಿಂದ ಹಸಿವಾಗಿತ್ತು ಎಂಬುದು ಆಗ ಗೊತ್ತಾಯಿತು.

ಪೃಥ್ವಿರಾಜ್ ಮೂರಕ್ಕೆ ಐದು ನಿಮಿಷ ಮೊದಲೇ ಬಂದ. ಮೂವತ್ತೈದರ ಕಾರ್ಕಳದ ಹುಡುಗ, ಮೂರು ಗಂಟೆ ಕಾರು ಓಡಿಸಿ ಕಣ್ಣು ಕೆಂಪಾಗಿತ್ತು. ಹರ್ಬರ್ಟನ ಕೋಣೆಯಲ್ಲಿ ನಾಲ್ವರೂ ಕೂತರು. ಹರ್ಬರ್ಟ್ ಡೆಲಿವರಿ ಕಾಗದವನ್ನು ಮುಂದಿಟ್ಟು ಪೆನ್ನಿನ ಮುಚ್ಚಳ ತೆಗೆದ. ಮೋಹನದಾಸ, “ಒಂದು ನಿಮಿಷ,” ಎಂದ. ಅವನು ಮುಂದುವರಿಸುವ ಮೊದಲೇ ನಫೀಸ ಬಾಯಿ ಹಾಕಿದಳು.

“ಸರ್, ಕನೆಕ್ಟರ್ ಒಂದು...”

“ಕನೆಕ್ಟರ್ ಸರಿ ಇತ್ತು,” ಎಂದ ಮೋಹನದಾಸ. ನಫೀಸಳ ಗ್ರಾಫಿನ ಕಾಗದವನ್ನು ಮೇಜಿನ ಮೇಲೆ, ಮುಖ ಮೇಲಾಗಿ ಇಟ್ಟ. “ಎರಡನೇ ಪೆಟ್ಟಿಗೆ ಜಿಗೀತಾ ಉಂಟು. ಏಳು ಸಲ ಜಿಗಿದದ್ದನ್ನು ನಾನು ಡಾಟಾದಿಂದ ತೆಗ್ದಿದ್ದೆ. ರೂಮಿನ ತೊಂದ್ರೆ ಅಂತ ಮಾಡಿ ತೆಗ್ದದ್ದು. ರೂಮಿನದ್ದಲ್ಲ. ಕಂಡುಹಿಡಿದದ್ದು ನಫೀಸ. ಆ ಸರ್ಟಿಫಿಕೇಟ್ ನಾನು ವಾಪಸ್ ತಗೊಳ್ತೇನೆ.”

ಹೇಳಿ ಮುಗಿಯಿತು. ಇಷ್ಟೇ ಸಾಕಾಗುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಹರ್ಬರ್ಟ್ ಪೆನ್ನಿನ ಮುಚ್ಚಳವನ್ನು ಮತ್ತೆ ಹಾಕಿದ, ತೆಗೆದ, ಹಾಕಿದ. ಪೃಥ್ವಿರಾಜ್ ಕೆಂಪು ಗೆರೆಯನ್ನು ಬೆರಳಿನಿಂದ ಎಡದಿಂದ ಬಲಕ್ಕೆ ಹಿಂಬಾಲಿಸಿದ. ಆಮೇಲೆ ತಲೆಯೆತ್ತಿ, ಸಿಟ್ಟಿಲ್ಲದೆ, ಎಂಜಿನಿಯರು ಕೇಳಲೇಬೇಕಾದದ್ದನ್ನು ಕೇಳಿದ.

“ಇದಕ್ಕೆ ಮೊದ್ಲು ಕೊಟ್ಟ ಪೆಟ್ಟಿಗೆಗಳು?”

ಅದನ್ನು ಮೋಹನದಾಸ ಯೋಚಿಸಿರಲಿಲ್ಲ ಎಂದರೆ ಸುಳ್ಳು. ಯೋಚನೆಯ ಹತ್ತಿರ ಹೋಗಿ ಹೋಗಿ ತಿರುಗಿ ಬಂದಿದ್ದ. ಒಂದು ಪೆಟ್ಟಿಗೆಯ ತಪ್ಪನ್ನು ಒಪ್ಪಿಕೊಂಡರೆ ಧೀರನಾಗಬಹುದು. ಎಂಟು ವರ್ಷದ್ದನ್ನು ಒಪ್ಪಿಕೊಂಡರೆ ಏನಾಗುತ್ತಾರೋ ಅದಕ್ಕೆ ಹೆಸರು ಅವನಿಗೆ ತಿಳಿದಿರಲಿಲ್ಲ. ಹರ್ಬರ್ಟ್ ಅವನನ್ನೇ ನೋಡುತ್ತಿದ್ದ, ಇಲ್ಲ ಎನ್ನು ಮಾರಾಯ ಎಂದು ಬೇಡುವ ಕಣ್ಣಿನಲ್ಲಿ.

“ಲ್ಯಾಬ್ ಇಲ್ಲಿಗೆ ಬಂದ ಮೇಲೆ ಕೊಟ್ಟದ್ದೆಲ್ಲ ಪುನಃ ನೋಡ್ಬೇಕು,” ಎಂದ ಮೋಹನದಾಸ. “ಮೂಲ ಫೈಲ್ ಎಲ್ಲ ಉಂಟು. ಅದನ್ನು ನಾನು ಅಳಿಸ್ಲಿಲ್ಲ.”

ಅದೊಂದು ಪುಣ್ಯ. ತೊಳೆದ ನೀರನ್ನೂ ಚೆಲ್ಲದೆ ಇಟ್ಟಿದ್ದ.

ಪೃಥ್ವಿರಾಜ್ ಎದ್ದ. ಮೂರೂ ಇಲ್ಲೇ ಇರಲಿ, ಆದಾಗ ಫೋನು ಮಾಡಿ ಎಂದ. ಬಾಗಿಲಿನಲ್ಲಿ ತಿರುಗಿ, “ಅಲ್ಲಿ ಹಾಕಿದ ಮೇಲೆ ಗೊತ್ತಾಗಿದ್ರೆ ನನ್ನ ಕತೆ ಮುಗೀತಿತ್ತು ಮೋಹನಣ್ಣ. ಹೇಳಿದ್ದು ಒಳ್ಳೇದಾಯ್ತು,” ಎಂದು ಕೈ ಕೊಟ್ಟ. ಮತ್ತೆ ಮೂರು ಗಂಟೆ ದಾರಿ, ಖಾಲಿ ಕೈ. ಅವನು ಹೋದ ಮೇಲೆ ಹರ್ಬರ್ಟ್ ಡೆಲಿವರಿ ಕಾಗದವನ್ನು ಮಡಚಿ ಡ್ರಾಯರಿಗೆ ಹಾಕಿದ. “ನಿಂಗೆ ಬೈಲಿಕ್ಕೂ ನಂಗೆ ಬರುದಿಲ್ಲ ಮೋಹನ್,” ಎಂದ. “ಇದು ಮುಗಿಯುವವರೆಗೆ ಸಹಿ ಬೇಡ. ಅವಳೇ ಹಾಕ್ಲಿ. ಪ್ರೊಬೇಷನ್ ಇವತ್ತೇ ಮುಗೀತು ಅಂತ ಎಚ್ಆರ್‌ಗೆ ನಾನು ಬರೀತೇನೆ. ನೀನು ಫಾರ್ಮ್ ತುಂಬಿಸು.” ಕೆಲಸ ಹೋಗಲಿಲ್ಲ, ಸಹಿ ಹೋಯಿತು. ಹತ್ತೊಂಬತ್ತು ವರ್ಷದ ಆ ‘ಮೋ’ ಅಕ್ಷರ ಮತ್ತು ಅದರ ಕೆಳಗೆ ಎಳೆದ ಉದ್ದ ಗೆರೆ. ನೋವಾಗುತ್ತದೆ ಎಂದು ಕಾದ. ಆಯಿತು, ಆದರೆ ಅದರ ಜೊತೆಗೆ ಹರ್ಬರ್ಟನ ಮೇಲೂ, ಖಾಲಿ ಕಾರಿನಲ್ಲಿ ಹೋಗುತ್ತಿರುವ ಕಾರ್ಕಳದ ಹುಡುಗನ ಮೇಲೂ, ಕೊನೆಗೆ ಆ ಜಿಗಿಯುವ ಪೆಟ್ಟಿಗೆಯ ಮೇಲೂ ಒಂದು ಅಕ್ಕರೆ ಎದ್ದು ಬಂತು. ತಡೆಯುವ ಗೋಜಿಗೆ ಹೋಗಲಿಲ್ಲ.

ತಪ್ಪು ದಾಖಲೆಯ ಫಾರ್ಮು ಎರಡು ಪುಟದ್ದು. ನಫೀಸ ಪಕ್ಕದ ಕುರ್ಚಿಯಲ್ಲಿ ಕೂತು ಹಳೆಯ ಫೈಲುಗಳನ್ನು ಒಂದೊಂದಾಗಿ ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುತ್ತಿದ್ದಳು. ‘ಕಾರಣ’ ಎಂಬಲ್ಲಿ ಅವನು ಹೆಚ್ಚು ಯೋಚಿಸದೆ ತನ್ನ ಹೆಸರು ಬರೆದು, ಅಭ್ಯಾಸ ಬಲ ಎಂದು ಸೇರಿಸಿದ. ‘ಯಾರಿಂದ ತಿಳಿಯಿತು’ ಎಂಬಲ್ಲಿ ಅವಳ ಹೆಸರನ್ನು ಪೂರ್ತಿಯಾಗಿ, ತಂದೆಯ ಹೆಸರಿನ ಸಮೇತ ಬರೆದ. ಅದರ ಕೆಳಗೆ, ಫಾರ್ಮಿನಲ್ಲಿ ಅದಕ್ಕೆ ಜಾಗವಿಲ್ಲದಿದ್ದರೂ, ಉಪಕಾರವಾಯಿತು ಎಂದು ಬರೆದು ಅವಳ ಕಡೆಗೆ ತಿರುಗಿಸಿದ. ಅವಳು ಓದಿದಳು, ಕಿವಿಯವರೆಗೆ ಕೆಂಪಾದಳು. ಆಮೇಲೆ ‘ಮರುಪರಿಶೀಲನೆ ಬೇಕಾದ ಸರ್ಟಿಫಿಕೇಟುಗಳ ಸಂಖ್ಯೆ’ ಎಂಬ ಕೊನೆಯ ಸಾಲಿಗೆ ಬೆರಳಿಟ್ಟಳು. ಅಲ್ಲಿ ಅವನು ಸುಮಾರು ನಾನೂರು ಎಂದು ಬರೆದಿದ್ದ.

“ನಾನೂರ ಹನ್ನೆರಡು ಸರ್.”

“ಹನ್ನೆರಡು ಎಂತ ದೊಡ್...” ಎಂದವನು ಅಲ್ಲೇ ನಿಂತ. ಕತ್ತರಿ ಮತ್ತೆ ಕೈಗೆ ಬಂದಿತ್ತು. ಅವಳು ಮುಖ ನೋಡಿದಳು. ಅವನು ನಕ್ಕ, ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ. ಬರೆದದ್ದನ್ನು ಹೊಡೆದುಹಾಕಿ, ನಾನೂರ ಹನ್ನೆರಡು ಎಂದು ಅಂಕಿಯಲ್ಲೂ ಅಕ್ಷರದಲ್ಲೂ ಬರೆದ.